ಖಾಲಿಯಾಗಬೇಕಿದ್ದ ಊರು

"ಜನ ಎಲ್ಲಿ?" ಎಂದು ಕೇಳಿದರು ಇನ್ಸ್‌ಪೆಕ್ಟರಮ್ಮ.

"ಜನ ಇಲ್ಲ. ಅದೇ ಇದರ ವಿಶೇಷ," ಎಂದರು ಹಲ್ಲಿನ ಡಾಕ್ಟರು.

ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂರಲು ಬೇರೆ ಜಾಗವಿರಲಿಲ್ಲ. ಗೋಡೆಯುದ್ದಕ್ಕೂ ತೊಂಬತ್ತರ ದಶಕದ ಕಂಪ್ಯೂಟರ್ ಆಟಗಳ ಡಬ್ಬಿಗಳು ಔಷಧಿ ಅಂಗಡಿಯಲ್ಲಿರುವಂತೆ ಸಾಲಾಗಿದ್ದವು. ಮೂಲೆಗೆ ತಳ್ಳಿದ್ದ, ಹಿಡಿ ಮುರಿದ ಹಲ್ಲು ಕೀಳುವ ಕುರ್ಚಿಯಲ್ಲಿ ಇನ್ಸ್‌ಪೆಕ್ಟರಮ್ಮ ಅರ್ಧ ಮಲಗಿದಂತೆ ಕೂತಿದ್ದರು. ಎಲ್ಲಿ ಬಾಯಿ ತೆರೆಯಿರಿ ಎಂದುಬಿಡುತ್ತಾರೋ ಎಂಬ ಸಣ್ಣ ಅಳುಕು ಇದ್ದೇ ಇತ್ತು.

ಎದುರಿನ ದಪ್ಪ ಮಾನಿಟರ್ ಹಳದಿ ತಿರುಗಿತ್ತು. ಅದರೊಳಗೆ ಒಂದು ಬೀದಿ. ಬ್ರೆಡ್ಡಿನ ಅಂಗಡಿಯ ಬಾಗಿಲು ತೆರೆದಿದೆ. ಗಡಿಯಾರದ ಗೋಪುರದ ಕೆಳಗೆ ಒಂದು ಬೆಂಚು. ಒಂದು ಕಿಟಕಿಯಲ್ಲಿ ಹೊಲಿಗೆ ಯಂತ್ರ, ಅದರ ಮೇಲೆ ಅರ್ಧ ಹೊಲಿದ ಪರದೆ. ಮನೆಯವರು ಈಗಷ್ಟೇ ಎದ್ದು ಹೊರಗೆ ಹೋದಂತೆ ಎಲ್ಲವೂ ಇದ್ದಲ್ಲೇ ಇದೆ. ಮನುಷ್ಯರು ಮಾತ್ರ ಇಲ್ಲ.

ಈ ಆಟವನ್ನು ಬರೆದವನು ತೊಂಬತ್ತೇಳರಲ್ಲಿ ಹೊಳೆಯಲ್ಲಿ ಮುಳುಗಿ ಸತ್ತನೆಂದು ಅವನ ಹೆಂಡತಿ ನಾಳೆ ಬೆಳಿಗ್ಗೆ ಕೋರ್ಟಿನಲ್ಲಿ ಸಹಿ ಹಾಕಬೇಕಿತ್ತು. ಸಹಿಯಾದರೆ ಆಟದ ಹಕ್ಕು ಆಕೆಗೆ ಬರುತ್ತಿತ್ತು, ಅದನ್ನು ಕೊಳ್ಳಲು ಒಂದು ಕಂಪನಿ ಕಾದಿತ್ತು. ಹೆಣ ಸಿಕ್ಕಿರಲಿಲ್ಲ. ಮುಳುಗಿದ್ದನ್ನು ಕಂಡವನು ಆಕೆಯ ತಮ್ಮನೊಬ್ಬನೇ. ಸಹಿ ಹಾಕುವ ಮೊದಲು ಆಕೆಗೆ ಬೇಕಾಗಿದ್ದು ಒಂದೇ ಮಾತು. ಸತ್ತದ್ದು ಹೌದಾ, ಅಲ್ಲವಾ.

ಆ ಮಾತು ಹುಡುಕಿಕೊಂಡೇ ಇನ್ಸ್‌ಪೆಕ್ಟರಮ್ಮ ಇಲ್ಲಿಗೆ ಬಂದಿದ್ದರು. ಅವರು ಪೊಲೀಸಿನವರಲ್ಲ. ವಿಮೆ ಕಂಪನಿಯಲ್ಲಿ ಸಾವಿನ ಕ್ಲೇಮುಗಳನ್ನು ವಿಚಾರಿಸುವ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಹೆಸರು ಅಂಟಿಕೊಂಡಿತು. ತಿದ್ದಲು ಹೋಗಲಿಲ್ಲ, ಆ ಹೆಸರು ಕೇಳಿದರೆ ಜನ ಬಾಗಿಲು ಸ್ವಲ್ಪ ಬೇಗ ತೆಗೆಯುತ್ತಿದ್ದರು.

"ಖಾಲಿ ಬೀದಿ ನೋಡೋಕೆ ಜನ ದುಡ್ಡು ಕೊಡ್ತಿದ್ರಾ ಡಾಕ್ಟ್ರೇ?"

"ಆಗ ಯಾರೂ ಕೊಡಲಿಲ್ಲ. ಈಗ ಪ್ರಾಣ ಬಿಡ್ತಾರೆ." ಡಾಕ್ಟರು ಕೈಗವಸನ್ನು ಕಿತ್ತು ಬಿಸಾಡಿದರು. "ಇದರ ಹೆಸರು 'ನೆರೆಹೊರೆ'. ಇದರಲ್ಲಿ ಗುಂಡು ಹೊಡೆಯೋದಿಲ್ಲ, ಗೆಲ್ಲೋದಿಲ್ಲ. ಒಂದು ಊರು ಇದೆ, ನೀವು ಅಲ್ಲಿಗೆ ಹೋಗಿ ಬರ್ತೀರಿ, ಅಷ್ಟೇ. ನೀವು ಯಂತ್ರ ಆರಿಸಿದ್ರೂ ಊರಲ್ಲಿ ದಿನ ಕಳೀತಾ ಇರುತ್ತೆ. ಆರು ತಿಂಗಳು ಬಿಟ್ಟು ಹೋದ್ರೆ ಮಕ್ಕಳು ಉದ್ದ ಆಗಿರ್ತಾರೆ, ಮುದುಕರು ಒಬ್ಬಿಬ್ಬರು ಹೋಗಿರ್ತಾರೆ. ನೀವು ಬ್ರೆಡ್ಡಿನವನ ಹತ್ರ ಜಗಳ ಆಡಿದ್ರೆ ಪಕ್ಕದ ಬೀದಿಯ ಚಪ್ಪಲಿಯವನೂ ಮುಖ ತಿರುಗಿಸ್ತಾನೆ. ಅಲ್ಲಿ ಚಾಡಿ ಹೇಳ್ತಾರ್ರೀ!"

"ಇಲ್ಲಿಯ ಹಾಗೇ."

"ಇಲ್ಲಿಯ ಹಾಗೇ! ತೊಂಬತ್ತೈದರಲ್ಲಿ! ಆಗಿನ ಕಂಪ್ಯೂಟರಿಗೆ ಇಷ್ಟೆಲ್ಲ ಹೊರೋ ಶಕ್ತಿ ಎಲ್ಲಿತ್ತು? ನೀವು ಒಂದು ಹೆಜ್ಜೆ ಇಟ್ರೆ ಅದು ಯೋಚನೆ ಮಾಡಿ ಇನ್ನೊಂದು ಹೆಜ್ಜೆ ಇಡೋದರೊಳಗೆ ಕಾಫಿ ಕಾಸಿ ಕುಡಿದು ಲೋಟ ತೊಳೆದು ಬರಬಹುದಿತ್ತು. ಅಂಗಡಿಯವರು ಡಬ್ಬಿಗಳನ್ನ ವಾಪಸ್ ಕಳಿಸಿದ್ರು. ಈಗ ಮಕ್ಕಳು ಮೊಬೈಲಲ್ಲಿ ಆಡೋ ಆಟಗಳಲ್ಲೆಲ್ಲ ಇದೇ ಇದೆ. ಆ ಮನುಷ್ಯ ಬಹಳ ಬೇಗ ಬಂದುಬಿಟ್ಟ, ಅಷ್ಟೇ ತಪ್ಪು."

ಹೊರಗಿನಿಂದ ಯಾರೋ "ಆಆ, ಊಊ" ಎಂದರು.

"ಇನ್ನೂ ಮರಗಟ್ಟಿಲ್ಲ, ಕೂತ್ಕೊಳ್ಳಿ!" ಎಂದು ಡಾಕ್ಟರು ಬಾಗಿಲ ಕಡೆ ಕೂಗಿದರು.

ಇನ್ಸ್‌ಪೆಕ್ಟರಮ್ಮನಿಗೆ ಒಂದು ವಿಷಯ ಕೊರೆಯುತ್ತಿತ್ತು. "ಮಕ್ಕಳು ಉದ್ದ ಆಗ್ತಾರೆ, ಚಾಡಿ ಹೇಳ್ತಾರೆ ಅಂತೀರಿ. ಇಲ್ಲಿ ನೊಣವೂ ಇಲ್ವಲ್ಲ?"

ಡಾಕ್ಟರು ಬಾಗಿಲು ಮುಂದೆ ಮಾಡಿದರು. ದನಿ ತಗ್ಗಿತು.

"ಇದನ್ನ ಹೊರಗೆ ಹೇಳಬೇಡಿ. ಈ ಖಾಲಿ ಊರಿನ ಮೇಲೆ ಜನ ಉದ್ದುದ್ದ ಲೇಖನ ಬರೆದಿದಾರೆ. ಮನುಷ್ಯನ ಒಂಟಿತನ, ನಾಗರಿಕತೆಯ ಕೊನೆ ಅಂತ ಏನೇನೋ. ನಿಜ ಏನು ಅಂದ್ರೆ ಇದು ತಪ್ಪಿನಿಂದ ಆಗಿದ್ದು."

"ಏನು ತಪ್ಪು?"

"ಆಗ ಕಂಪ್ಯೂಟರಿನ ನೆನಪಿನ ಜಾಗ ಬಹಳ ಕಮ್ಮಿ. ಜಾಗ ಉಳಿಸೋಕೆ ಅಂತ ವರ್ಷ ಬರೆಯುವಾಗ ಕೊನೆಯ ಎರಡು ಅಂಕಿ ಮಾತ್ರ ಬರೀತಿದ್ರು. ತೊಂಬತ್ತೈದು, ತೊಂಬತ್ತಾರು ಅಂತ. ಆ ಕೆಲಸದವರೆಲ್ಲ ಮಾಡ್ತಿದ್ದ ತಪ್ಪೇ ಅದು, ಇವನೂ ಮಾಡಿದ. ಎರಡು ಸಾವಿರನೇ ಇಸವಿ ಬಂತು ನೋಡಿ, ಅಂಕಿ ಸೊನ್ನೆ ಸೊನ್ನೆ ಆಯ್ತು. ಬ್ರೆಡ್ಡಿನವನು ಹುಟ್ಟಿದ್ದು ಅರವತ್ತರಲ್ಲಿ, ಈಗ ಸೊನ್ನೆ. ಅಂದ್ರೆ ಅವನಿನ್ನೂ ಹುಟ್ಟೇ ಇಲ್ಲ ಅಂತ ಯಂತ್ರ ತೀರ್ಮಾನ ಮಾಡ್ತು. ಊರಲ್ಲಿ ಯಾರೂ ಇನ್ನೂ ಹುಟ್ಟಿಲ್ಲ. ಅದಕ್ಕೇ ಊರು ಖಾಲಿ."

ಅವರು ಯಂತ್ರದ ತಾರೀಖನ್ನು ತೊಂಬತ್ತಾರಕ್ಕೆ ಹಿಂದೆ ಸರಿಸಿ ಆಟವನ್ನು ಮತ್ತೆ ತೆರೆದರು. ಬೀದಿಯ ತುಂಬ ಜನ. ಬ್ರೆಡ್ಡಿನವನು ಕೈ ಒರೆಸಿಕೊಳ್ಳುತ್ತಿದ್ದ. ಕಿಟಕಿಯಲ್ಲಿ ಒಬ್ಬ ತರುಣಿ ಪರದೆ ಹೊಲಿಯುತ್ತಿದ್ದಳು.

"ಇದನ್ನ ಸರಿ ಮಾಡೋಕಾಗಲ್ವಾ?"

"ದೇಶ ದೇಶದವರು ನೋಡಿ ಕೈಬಿಟ್ರು. ಡಿಸ್ಕಿನಲ್ಲಿರೋದು ಬೀಸಿದ ಹಿಟ್ಟು. ಕಾಳು, ಅಂದ್ರೆ ಅವನು ಬರೆದ ಮೂಲ ಸಾಲುಗಳು, ಅವನ ಹತ್ರ ಇದ್ವು. ಹಿಟ್ಟಿನಿಂದ ಕಾಳು ಮಾಡೋಕಾಗುತ್ತಾ? ಅದೂ ಅವನು ಬರೆದ ರೀತಿ ಇನ್ಯಾರೂ ಬರೆದಿಲ್ಲ. ಬರೆದವನೇ ಎದ್ದು ಬರಬೇಕು. ಅವನು ಪಾಪ ತೊಂಬತ್ತೇಳರಲ್ಲೇ ಹೋದ."

ಇನ್ಸ್‌ಪೆಕ್ಟರಮ್ಮ ಆ ಕುರ್ಚಿಯಿಂದ ಕಷ್ಟಪಟ್ಟು ಎದ್ದರು. ಮೊಣಕಾಲು ಜೋಮು ಹಿಡಿದಿತ್ತು.

ಆಟ ಬರೆದವನ ಹೆಂಡತಿಯ ಪರದೆ ಅಂಗಡಿ ನಾಲ್ಕು ಬೀದಿ ಆಚೆ. ಅಂಗಡಿಯೆಂದರೆ ಮುಂದೆ ಬಟ್ಟೆಯ ಸುರುಳಿಗಳು, ಹಿಂದೆ ಒಂದು ಉದ್ದ ಮೇಜು, ಮೇಜಿನ ತುದಿಯಲ್ಲಿ ಹೊಲಿಗೆ ಯಂತ್ರ. ಹೆಂಡತಿ ಯಾರದೋ ಮನೆಯ ನೀಲಿ ಪರದೆಗೆ ನೆರಿಗೆ ಹಿಡಿಯುತ್ತಿದ್ದಳು. ಬಾಯಲ್ಲಿ ಗುಂಡುಪಿನ್ನುಗಳು. ವಯಸ್ಸು ಅರವತ್ತರ ಹತ್ತಿರ. ಮುಖದಲ್ಲಿ ದುಃಖವಿರಲಿಲ್ಲ, ಸಿಟ್ಟೂ ಇರಲಿಲ್ಲ. ಬಹಳ ದಿನ ಬಾಡಿಗೆಗೆ ಹೋಗದ ಮನೆಯಂತೆ ಅಚ್ಚುಕಟ್ಟಾಗಿ, ತಣ್ಣಗಿತ್ತು.

"ಸಿಕ್ತಾ?" ಎಂದಳು, ಪಿನ್ನುಗಳ ನಡುವಿನಿಂದಲೇ.

"ಇನ್ನೂ ಇಲ್ಲಮ್ಮ. ನಿಮ್ಮ ತಮ್ಮನ ಹತ್ರ ಹಳೇ ಕಂಪ್ಯೂಟರ್ ಇದೆ ಅಂದಿದ್ರಲ್ಲ. ಅದರಲ್ಲಿ ಆ ಆಟ ಇದೆಯಾ?"

"ಅವರು ಬರೆದಿದ್ದೇ ಅದರಲ್ಲಿ. ಆಟ ಕೊಳ್ಳೋ ಕಂಪನಿಯವರು ಇವತ್ತು ಸಂಜೆ ಅದನ್ನೂ ತಗೊಂಡು ಹೋಗ್ತಾರಂತೆ."

"ನೀವು ಅದನ್ನ ನೋಡಿದೀರಾ?"

"ಅವರು ಹೋದ ಮೇಲೆ ಇಲ್ಲ. ಏನಿದೆ ನೋಡೋಕೆ?"

"ಹಾಗಾದ್ರೆ ಏಳಿ. ಕೊನೇ ಸಲ ನೋಡಬೇಕು ಅನ್ನಿಸ್ತು ಅಂತ ಹೇಳಿ. ಅಕ್ಕ ಕೇಳಿದ್ರೆ ಇಲ್ಲ ಅನ್ನಲ್ಲ."

ಆಕೆ ಎದ್ದಳು. ಹೆಬ್ಬೆರಳಿಗೆ ಪಿನ್ನು ಚುಚ್ಚಿಕೊಂಡಿತ್ತು. ಅದು ಆಕೆಗೆ ತಿಳಿದದ್ದು ನೀಲಿ ಬಟ್ಟೆಯ ಮೇಲೆ ಕೆಂಪು ಚುಕ್ಕಿ ಕಂಡ ಮೇಲೆ. "ಅಯ್ಯೋ, ಗಿರಾಕಿ ಬಟ್ಟೆ," ಎಂದು ಅದನ್ನು ಮಾತ್ರ ನೀರು ಹಚ್ಚಿ ಉಜ್ಜಿದಳು. ಬೆರಳನ್ನು ನೋಡಿಕೊಳ್ಳಲಿಲ್ಲ.

ದಾರಿಯಲ್ಲಿ ಇನ್ಸ್‌ಪೆಕ್ಟರಮ್ಮ ಕೇಳಿದರು: "ಇಷ್ಟು ವರ್ಷ ಕೋರ್ಟಿಗೆ ಯಾಕೆ ಹೋಗಲಿಲ್ಲ? ಆಗಲೇ ಮುಗಿಸಿಬಿಡಬಹುದಿತ್ತು."

"ಎಲ್ಲರೂ ಅದನ್ನೇ ಹೇಳಿದ್ರು. ತಮ್ಮ ಬಂದು ಅಕ್ಕಾ ಭಾವ ಮುಳುಗಿ ಹೋದ್ರು ಅಂದ. ನಾನು ಕಾಯ್ತಾ ಕೂತೆ, ಅಳು ಬರುತ್ತೆ ಅಂತ. ಬರಲಿಲ್ಲ. ಅಳು ಬಾರದೆ ಹೇಗೆ ವಿಧವೆ ಅಂತ ಬರೆಸಲಿ? ಬಂದ ಮೇಲೆ ಹೋದ್ರಾಯ್ತು ಅಂದ್ಕೊಂಡೆ." ಆಕೆ ರಸ್ತೆ ದಾಟಲು ಎಡಬಲ ನೋಡಿದಳು. "ಹಾಗೇ ಉಳೀತು."

ತಮ್ಮನ ಕೋಣೆ ಒಂದು ಛಾಪಖಾನೆಯ ಮೇಲಿತ್ತು. ಕೆಳಗಿನ ಯಂತ್ರ ಓಡಿದಾಗಲೆಲ್ಲ ನೆಲ ಮೆಲ್ಲಗೆ ನಡುಗುತ್ತಿತ್ತು. ಒಂದು ಕಾಲದಲ್ಲಿ ಆಟದ ಊರಿಗೂ ಜನಕ್ಕೂ ಬಣ್ಣ ಕೊಟ್ಟವನು ಈಗ ಕೆಮ್ಮಿನ ಔಷಧಿಯ ಡಬ್ಬಿಗಳಿಗೆ ಚಿತ್ರ ಬರೆಯುತ್ತಿದ್ದ. ಗೋಡೆಯ ತುಂಬ ಎದೆ ಮುಟ್ಟಿಕೊಂಡು ಮುಗುಳ್ನಗುವ ಮನುಷ್ಯರು.

"ಅಕ್ಕಾ! ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ," ಎಂದ. ಆಮೇಲೆ ಇನ್ಸ್‌ಪೆಕ್ಟರಮ್ಮನನ್ನು ಕಂಡು, "ಇವರು ಇನ್ನೂ ಕೇಳ್ತಾನೇ ಇದಾರಾ?" ಎಂದು ನಕ್ಕ.

"ಕೇಳೋದು ಮುಗೀತು ಕಣಪ್ಪ," ಎಂದರು ಇನ್ಸ್‌ಪೆಕ್ಟರಮ್ಮ. "ಈಗ ಸುಮ್ಮನೆ ಜೊತೆಗೆ ಬಂದೆ."

"ಈ ಕಿಟಕಿಗೆ ಪರದೆ ಹಾಕ್ಕೋ ಅಂತ ಎಷ್ಟು ಸಲ ಹೇಳಿದೀನೋ ನಿನಗೆ," ಎಂದಳು ಅಕ್ಕ. ಬಂದ ಕೆಲಸ ಮರೆತಂತೆ ಕಿಟಕಿಯ ಅಗಲವನ್ನು ಗೇಣಿನಲ್ಲಿ ಅಳೆಯತೊಡಗಿದಳು.

"ಹೊಲಿದುಕೊಡು, ಹಾಕ್ಕೋತೀನಿ. ಪರದೆಯವಳ ತಮ್ಮ ಬಿಸಿಲಲ್ಲಿ ಕೂತಿದಾನೆ ಅಂತ ಬೀದಿಯವರೆಲ್ಲ ನಗ್ತಾರೆ."

"ಬಟ್ಟೆ ಆರಿಸೋ ಅಂದ್ರೆ ಒಂದು ವರ್ಷ ಮಾಡ್ತೀಯ."

ಯಂತ್ರ ಮೂಲೆಯ ಗಾಜಿನ ಬೀರುವಿನಲ್ಲಿತ್ತು. ಪಕ್ಕದಲ್ಲಿ ಥರ್ಮೊಕೋಲು, ದೊಡ್ಡ ರಟ್ಟಿನ ಪೆಟ್ಟಿಗೆ. ಅಕ್ಕ ನೋಡಬೇಕೆಂದಾಗ ಅವನ ಮುಖ ಮೆತ್ತಗಾಯಿತು. ಬೀರುವಿನ ಬೀಗ ತೆಗೆದು, ತಂತಿ ಸಿಕ್ಕಿಸಿ, ಗುಂಡಿ ಒತ್ತಿದ. ಯಂತ್ರ ಕೆಮ್ಮಿ ಎದ್ದಿತು.

ಮಾನಿಟರಿನಲ್ಲಿ ಅದೇ ಬೀದಿ ಮೂಡಿತು. ಬ್ರೆಡ್ಡಿನ ಅಂಗಡಿಯ ಮುಂದೆ ಮೂವರು ನಿಂತಿದ್ದರು. ಅಂಗಡಿಯವನ ತಲೆ ಬೋಳಾಗಿತ್ತು. ಬೆಂಚಿನ ಮೇಲೆ ಒಬ್ಬ ಮುದುಕ ಕಾಲಾಡಿಸುತ್ತಿದ್ದ. ಗೋಪುರದ ಫಲಕದಲ್ಲಿ ಇಂದಿನ ತಾರೀಖಿತ್ತು, ಇಂದಿನದೇ ವರ್ಷ, ನಾಲ್ಕೂ ಅಂಕಿ.

ಇನ್ಸ್‌ಪೆಕ್ಟರಮ್ಮ ಫಲಕದ ಅಂಕಿಗಳನ್ನು ಮತ್ತೊಮ್ಮೆ ಓದಿಕೊಂಡರು. ಸಾವಿನ ಕ್ಲೇಮುಗಳಲ್ಲಿ ಅವರು ಕಲಿತದ್ದು ಇಷ್ಟೇ: ಸಿಕ್ಕಿದ್ದನ್ನು ಸಿಕ್ಕಿದ ತಕ್ಷಣ ಹೇಳಬಾರದು. ಮೊದಲು ಎಲ್ಲ ಬಾಗಿಲುಗಳನ್ನು ಎದುರಿನವನ ಕೈಯಿಂದಲೇ ಮುಚ್ಚಿಸಬೇಕು.

"ಕಿಟಕಿಯಲ್ಲಿರೋದು ಯಾರೋ?" ಎಂದಳು ಅಕ್ಕ.

"ನೀನೇ." ತಮ್ಮ ನಾಚಿಕೊಂಡ. "ಊರಿನವರಿಗೆಲ್ಲ ಮೂರು ಮುಖ ಬರೆದಿದ್ದೆ. ಮಗು, ದೊಡ್ಡವರು, ಮುದುಕರು. ನಿನ್ನದು ನೋಡ್ಕೊಂಡೇ ಬರೆದೆ. ಮುದುಕಿ ಮುಖ ಮಾತ್ರ ಊಹೆ."

ಕಿಟಕಿಯಲ್ಲಿ ಕೂತ ಮುದುಕಿ ದಪ್ಪಗಿದ್ದಳು. ಕನ್ನಡಕ ಹಣೆಗೇರಿತ್ತು. ಹೊಲಿಯುತ್ತ ಯಾರ ಮಾತಿಗೋ ಬಾಯಿ ತುಂಬ ನಗುತ್ತಿದ್ದಳು.

"ನಾನು ಹೀಗಿಲ್ವಲ್ಲ."

"ನನಗಾಗ ಇಪ್ಪತ್ತೆರಡು ವಯಸ್ಸು ಅಕ್ಕಾ. ಮುದುಕಿಯಾದ್ರೆ ನೀನು ಹೀಗೆ ನಗ್ತಾ ಇರ್ತೀಯ ಅಂದ್ಕೊಂಡಿದ್ದೆ."

ಕೆಳಗೆ ಛಾಪಖಾನೆಯ ಯಂತ್ರ ನಿಂತಿತು. ಕೋಣೆ ಇದ್ದಕ್ಕಿದ್ದಂತೆ ಸ್ತಬ್ಧವಾಯಿತು.

"ಬಹಳ ಜೋಪಾನವಾಗಿ ಇಟ್ಟಿದೀಯಪ್ಪ," ಎಂದರು ಇನ್ಸ್‌ಪೆಕ್ಟರಮ್ಮ. "ಕೆಟ್ಟಾಗ ರಿಪೇರಿಯವರು ಯಾರಾದ್ರೂ ಬಂದಿದ್ರಾ?"

"ರಿಪೇರಿಯವರಾ? ಸರಿ ಹೋಯ್ತು! ಧೂಳು ಹೊಡೆಯೋದು, ಒಳಗಿನ ಬಿಲ್ಲೆ ಬ್ಯಾಟರಿ ಬದಲಾಯಿಸೋದು ಎಲ್ಲ ನಾನೇ. ಬೀಗದ ಕೈ ನನ್ನ ಸೊಂಟ ಬಿಟ್ಟಿಲ್ಲ."

"ಕೊಳ್ಳೋ ಕಂಪನಿಯವರು ಬಂದು ನೋಡಿರ್ತಾರಲ್ಲ?"

"ಇಲ್ಲ. ಫೋಟೋ ಕಳಿಸಿದ್ದೆ, ಒಪ್ಪಿದ್ರು."

"ಮತ್ತೆ ಭಾವ ಬರೆದಿದ್ದರಲ್ಲಿ ನೀನು ಏನಾದ್ರೂ ತಿದ್ದಿದ್ದು, ಸೇರಿಸಿದ್ದು?"

"ನಾನಾ!" ಅವನು ಜೋರಾಗಿ ನಕ್ಕ. "ನನಗೆ ಬಣ್ಣ ಒಂದು ಗೊತ್ತು, ನೋಡಿ. ಭಾವನ ಬರವಣಿಗೆಯಲ್ಲಿ ಒಂದು ಚುಕ್ಕಿ ಅಲ್ಲಾಡಿಸಿದ್ರೂ ಊರು ಕುಸಿದು ಬೀಳುತ್ತೆ. ಅದಕ್ಕೆ ಕೈ ಹಾಕೋ ಗಂಡಸು ಇನ್ನೂ ಹುಟ್ಟಿಲ್ಲ. ಭಾವನ ಕೈ ಬಿಟ್ರೆ ಇದಕ್ಕೆ ಬೇರೆ ಕೈ ಇಲ್ಲ."

"ಭಾವ ಮುಳುಗಿದ್ದು ತೊಂಬತ್ತೇಳು."

"ಹೌದು. ನಾನೇ ದಡದಲ್ಲಿದ್ದೆ. ಎಷ್ಟು ಸಲ ಹೇಳಲಿ?"

"ಹಾಗಾದ್ರೆ ಇವರೆಲ್ಲ ಯಾಕಿದಾರೆ?"

"ಯಾರು?"

ಇನ್ಸ್‌ಪೆಕ್ಟರಮ್ಮ ಮಾನಿಟರಿನ ಗಾಜಿನ ಮೇಲೆ ಬೆರಳಿಟ್ಟರು. "ಈ ಬ್ರೆಡ್ಡಿನವನು. ಈ ಮುದುಕ. ಕಿಟಕಿಯಲ್ಲಿರೋ ನಿಮ್ಮ ಅಕ್ಕ. ಎರಡು ಸಾವಿರನೇ ಇಸವಿ ಹುಟ್ಟಿದ ದಿನವೇ ಇವರು ಮಾಯ ಆಗಬೇಕಿತ್ತು. ಈ ಆಟ ಲೋಕದಲ್ಲಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಬೀದಿ ಖಾಲಿ. ವರ್ಷದ ಲೆಕ್ಕದಲ್ಲಿ ನಿನ್ನ ಭಾವ ತಪ್ಪು ಮಾಡಿದ್ರು. ಆ ತಪ್ಪು ಇದೊಂದು ಯಂತ್ರದಲ್ಲಿ ಸರಿಯಾಗಿದೆ. ಸರಿ ಮಾಡಿದ್ದು ಯಾರು?"

ಅವನ ನಗು ಮುಖದ ಮೇಲೆಯೇ ಉಳಿದಿತ್ತು, ಕೆಳಗಿನಿಂದ ಅದನ್ನು ಹಿಡಿದಿದ್ದ ಏನೋ ಮಾತ್ರ ಹೋಗಿತ್ತು.

"ಅದು... ಭಾವ ಮೊದಲೇ ಸರಿ ಮಾಡಿಟ್ಟಿರಬಹುದು."

"ತೊಂಬತ್ತೇಳರಲ್ಲೇ ಗೊತ್ತಿದ್ರೆ ಇದೊಂದರಲ್ಲಿ ಯಾಕೆ ಸರಿ ಮಾಡ್ತಾರೆ? ಮಾರಿದ ಡಬ್ಬಿಗಳಿಗೂ ಕಳಿಸ್ತಿದ್ರು. ತಪ್ಪು ಕಂಡಿದ್ದು ಊರು ಖಾಲಿಯಾದ ಮೇಲೆ. ಖಾಲಿಯಾಗಿದ್ದು ನೋಡಿದ್ದು ನೀನು. ಇದಕ್ಕೆ ಬೇರೆ ಕೈ ಇಲ್ಲ ಅಂತ ಈಗ ತಾನೇ ನೀನೇ ಅಂದೆ."

ತಮ್ಮ ಅಕ್ಕನ ಕಡೆ ನೋಡಿದ. ಅಕ್ಕ ಮಾನಿಟರನ್ನೇ ನೋಡುತ್ತಿದ್ದಳು.

"ಹೇಳೋ," ಎಂದಳು. ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳುವ ದನಿ.

ಅವನು ಚಿತ್ರ ಬರೆಯುವ ಸ್ಟೂಲಿನ ಮೇಲೆ ಕುಸಿದ.

"ಭಾವ ಮುಳುಗಲಿಲ್ಲ ಅಕ್ಕಾ. ಬಟ್ಟೆ ದಡದ ಮೇಲಿಟ್ಟು, ಬೇರೆ ಬಟ್ಟೆ ಹಾಕ್ಕೊಂಡು ಬಸ್ಸಿನ ಕಡೆ ನಡೆದು ಹೋದ್ರು. ಆಟ ಯಾರಿಗೂ ಬೇಡವಾದ ಮೇಲೆ ಅವರು ಮಾತು ಬಿಟ್ಟಿದ್ರು, ನೆನಪಿದೆಯಲ್ಲ? ನಿನ್ನ ಮುಂದೆ ಊಟಕ್ಕೆ ಕೂತು ಗೋಡೆ ನೋಡ್ತಿದ್ರು. ಇಲ್ಲಿ ನನಗೆ ಉಸಿರಾಡೋಕಾಗ್ತಿಲ್ಲ ಅಂದ್ರು. ಬಿಟ್ಟು ಹೋದ ಅಂದ್ರೆ ಅವಳು ಕಾಯ್ತಾಳೆ, ಸತ್ತ ಅಂದ್ರೆ ಅತ್ತು ಮುಗಿಸ್ತಾಳೆ, ಹಾಗೇ ಹೇಳಿಬಿಡು ಅಂತ ನನ್ನ ಕೈ ಹಿಡ್ಕೊಂಡ್ರು. ನನಗೂ ಅದೇ ಸರಿ ಅನ್ನಿಸ್ತು."

"ಆಮೇಲೆ?"

"ಎರಡು ಸಾವಿರದ ಜನವರಿಯಲ್ಲಿ ಯಂತ್ರ ಹಾಕಿದೆ. ಯಾರೂ ಇರಲಿಲ್ಲ. ನಾನು ಬರೆದ ಒಂದು ಮುಖವೂ ಇರಲಿಲ್ಲ. ಅವರ ವಿಳಾಸ ಇತ್ತು, ಊರು ಖಾಲಿಯಾಗಿದೆ ಅಂತ ತಂತಿ ಕೊಟ್ಟೆ. ಮಾರನೇ ದಿನವೇ ಬಂದ್ರು."

"ಇಲ್ಲಿಗೆ?"

"ಇದೇ ಸ್ಟೂಲು."

"ನಾಲ್ಕು ಬೀದಿ ಆಚೆ ನಾನಿದ್ದೆ."

"ಇದ್ದೆ ಅಕ್ಕಾ."

"ಅದಕ್ಕೆ ಮೊದಲು ನಾನು ಒಬ್ಬಳೇ ಇದೀನಿ ಅಂತ ಅವರಿಗೆ ಹೇಳಿದ್ದೆಯಾ ನೀನು?"

ತಮ್ಮ ಸ್ಟೂಲಿನ ಅಂಚಿಗೆ ಅಂಟಿದ್ದ ಒಣ ಬಣ್ಣವನ್ನು ಉಗುರಿನಿಂದ ಕೆರೆದ. "ಹೇಳಿದ್ದೆ. ಎರಡು ಸಲ ಬರೆದಿದ್ದೆ."

"ಆಗ ಬರಲಿಲ್ಲ."

"ಬರಲಿಲ್ಲ."

"ಈ ಜನಕ್ಕೆ ಬಂದ್ರು."

ಬ್ರೆಡ್ಡಿನವನು ಅಂಗಡಿಯ ಒಳಗೆ ಹೋಗಿ ಮತ್ತೆ ಹೊರಗೆ ಬಂದ. ಇನ್ಸ್‌ಪೆಕ್ಟರಮ್ಮ ಅಕ್ಕನ ಮುಖವನ್ನು ಗಮನಿಸಿದರು. ಸಾವಿನ ಸುದ್ದಿ ಕೇಳಿದವರನ್ನು ಅವರು ಜೀವಮಾನವೆಲ್ಲ ನೋಡಿದ್ದರು. ಬದುಕಿದ್ದಾರೆಂಬ ಸುದ್ದಿಗೆ ಮುಖ ಹೀಗಾಗುವುದನ್ನು ನೋಡಿದ್ದು ಇದೇ ಮೊದಲು. ಆ ಮುಖದಲ್ಲಿ ಯಾವುದೂ ಅಲುಗಿರಲಿಲ್ಲ.

"ಕೂತ್ಕೋಮ್ಮ," ಎಂದರು.

"ಬೇಡ, ಕಾಲು ನೋಯ್ತಿಲ್ಲ." ಅಕ್ಕ ತಮ್ಮನ ಕಡೆ ತಿರುಗಿದಳು. "ಸರಿ. ನಾಳೆ ನಾನು ಸಹಿ ಹಾಕಲ್ಲ. ಬದುಕಿರೋರನ್ನ ಸತ್ರು ಅಂತ ಬರೆಯೋಕಾಗಲ್ಲ. ಕಂಪನಿಯವರಿಗೆ ಹೇಳ್ಬಿಡು, ಆಟ ಇಲ್ಲ, ಯಂತ್ರವೂ ಇಲ್ಲ ಅಂತ."

"ಅಕ್ಕಾ, ಬೇಡ." ಅವನು ದಿಗ್ಗನೆ ಎದ್ದ. "ಹಾಗೆ ಮಾಡಬೇಡ. ನೀನು ಸಹಿ ಹಾಕಲೇಬೇಕು."

"ಯಾಕೋ?"

"ಹಾಕಿಬಿಡು, ಅಷ್ಟೇ. ಎಲ್ಲರಿಗೂ ಒಳ್ಳೇದಾಗುತ್ತೆ. ನಿನ್ನ ಮುಪ್ಪಿಗೂ ಒಂದು ಆಸರೆ."

ಇನ್ಸ್‌ಪೆಕ್ಟರಮ್ಮನ ಕಿವಿ ನಿಮಿರಿತು. ಸುಳ್ಳು ಬಯಲಾದ ಮನುಷ್ಯ ಕುಗ್ಗಬೇಕು. ಇವನು ಹೆದರುತ್ತಿದ್ದ. ಹೆದರಿಕೆ ಇದೆಯೆಂದರೆ ಬಯಲಾಗಬೇಕಾದದ್ದು ಇನ್ನೂ ಇದೆ ಎಂದರ್ಥ.

"ಆ ಕಂಪನಿಯವರನ್ನ ನೀನು ಕಣ್ಣಾರೆ ನೋಡಿದೀಯಾ?" ಎಂದು ಮೆತ್ತಗೆ ಕೇಳಿದರು. "ಯಂತ್ರ ಕಣ್ಣಿಂದ ನೋಡದೆ, ಓಡುತ್ತೋ ಇಲ್ವೋ ಅಂತ ಕೇಳದೆ, ಫೋಟೋ ನೋಡಿ ಒಪ್ಪಿದ್ರು ಅಂದೆ. ಸಂತೆಯಲ್ಲಿ ಹಳೇ ಸೈಕಲ್ ಕೊಳ್ಳೋನೂ ಒಂದು ಸುತ್ತು ಹೊಡೆದು ನೋಡ್ತಾನೆ. ಈ ಯಂತ್ರದೊಳಗೆ ಏನಿದೆ ಅಂತ ಅವರಿಗೆ ಮೊದಲೇ ಗೊತ್ತಿತ್ತು, ಅಲ್ವಾ?"

ತಮ್ಮ ಎರಡೂ ಕೈಗಳಿಂದ ಮುಖ ಒರೆಸಿಕೊಂಡ.

"ಕೊಳ್ಳೋದು ಭಾವನೇ," ಎಂದ.

ಅಕ್ಕ ಅರ್ಥವಾಗದವಳಂತೆ ನೋಡಿದಳು.

"ಕಂಪನಿ ಹೆಸರು ಸುಮ್ಮನೆ. ಈಗ ಈ ಥರದ ಆಟಕ್ಕೆ ಜನ ಮುಗಿಬೀಳ್ತಾರೆ, ಅವರಿಗೆ ಊರು ವಾಪಸ್ ಬೇಕು. ನಾನೇ ಬರೆದಿದ್ದು ಅಂತ ಎದುರು ಬಂದು ಕೇಳೋಕಾಗುತ್ತಾ? ಸತ್ತಿದಾರಲ್ಲ. ಕೋರ್ಟು ಅವರನ್ನ ಸತ್ರು ಅಂತ ಒಪ್ಪಿದ್ರೆ ಆಟ ನಿನಗೆ ಬರುತ್ತೆ, ನಿನ್ನಿಂದ ಅವರು ಕೊಳ್ತಾರೆ. ಯಾರಿಗೂ ನೋವಿಲ್ಲ ಅಂತ ಅಂದ್ರು. ಕೋರ್ಟಿನ ಕಾಗದ ಬರೆಸಿ ಕಳಿಸಿದ್ದೂ ಅವರೇ."

"ನಾನು ಸಹಿ ಹಾಕಬೇಕಾದ ಕಾಗದ."

"ಹೂಂ."

"ತಾವು ಸತ್ತಿದೀವಿ ಅಂತ ಅವರೇ ಬರೆಸಿ ಕಳಿಸಿದ್ರು."

"ಅಕ್ಕಾ..."

"ಯಾರಿಗೂ ನೋವಿಲ್ಲ ಅಂದ್ಕೊಂಡೇ ಎಲ್ಲರೂ ಶುರು ಮಾಡ್ತಾರೆ ಕಣಪ್ಪ," ಎಂದರು ಇನ್ಸ್‌ಪೆಕ್ಟರಮ್ಮ. ಗದರಲಿಲ್ಲ. ಗದರುವಷ್ಟು ಉಸಿರು ಅವರಲ್ಲೂ ಉಳಿದಿರಲಿಲ್ಲ.

ಅಕ್ಕ ಮೇಜಿನ ಮೇಲಿದ್ದ ತಮ್ಮನ ಮೊಬೈಲನ್ನು ತೆಗೆದು ಅವನ ಮುಂದೆ ಹಿಡಿದಳು.

"ಮಾಡು."

"ಈಗ ಬೇಡ. ನಾನು ಮೊದಲು ಅವರ ಹತ್ರ..."

"ನಿನ್ನನ್ನ ಸ್ಕೂಲಿಗೆ ಕೈ ಹಿಡ್ಕೊಂಡು ಬಿಟ್ಟು ಬರ್ತಿದ್ದೆ. ಅವತ್ತಿಂದ ಇವತ್ತಿನವರೆಗೆ ನಿನ್ನ ಹತ್ರ ಏನೂ ಕೇಳಿಲ್ಲ. ಮಾಡು."

ಅವನು ಒತ್ತಿದ. ಸ್ಪೀಕರ್ ಹಾಕು ಎಂದು ಅಕ್ಕ ಬೆರಳಿನಿಂದ ತೋರಿಸಿದಳು. ಹಾಕಿದ. ಫೋನು ಆ ಕಡೆ ರಿಂಗಾಗತೊಡಗಿತು. ಕೆಳಗೆ ಛಾಪಖಾನೆ ಮತ್ತೆ ಶುರುವಾಯಿತು. ಮೇಜು, ಫೋನು, ಬಣ್ಣದ ಬಾಟಲಿಗಳು ಸಣ್ಣಗೆ ಅದುರಿದವು.

ಆ ಕಡೆಯಿಂದ ಎತ್ತಿದರು. ವಯಸ್ಸಾದ ಗಂಡಸಿನ ದನಿ, ಸ್ವಲ್ಪ ಒಡೆದದ್ದು. ಹಲೋ ಕೂಡ ಇಲ್ಲ.

"ಏನಂದ್ಲು? ಸಹಿ ಹಾಕ್ತಾಳಂತಾ?"

ತಮ್ಮ ಫೋನನ್ನು ಅಕ್ಕನ ಕಡೆ ಸರಿಸಿದ.

"ಹಾಕ್ತೀನಿ ರೀ," ಎಂದಳು ಅಕ್ಕ.

ಆ ಕಡೆ ಏನೋ ಕೆಳಗೆ ಬಿದ್ದ ಸದ್ದು.

"ತಮ್ಮ ಒಬ್ಬನೇ ನೋಡಿದ್ದು ಸಾಲದಂತೆ. ಇನ್ನೊಬ್ಬ ಸಾಕ್ಷಿ ಬೇಕು ಅಂತ ವಕೀಲರು ಇವತ್ತು ಬೆಳಿಗ್ಗೆ ಹೇಳಿದ್ರು," ಎಂದಳು. ಗಿರಾಕಿಗೆ ಕಿಟಕಿಯ ಅಳತೆ ಓದಿ ಹೇಳುವಂತೆ ಒಂದೊಂದಾಗಿ ಹೇಳಿದಳು. "ನೀವು ಸತ್ತಿರೋದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾಳೆ ಕೋರ್ಟಿಗೆ ನೀವೇ ಬನ್ನಿ. ನೀವು ಬಂದು ಎದುರಿಗೆ ನಿಂತ್ರೆ ಸಹಿ ಹಾಕ್ತೀನಿ. ಇಲ್ದಿದ್ರೆ ಇಲ್ಲ."

ಇನ್ಸ್‌ಪೆಕ್ಟರಮ್ಮ ತಮ್ಮನನ್ನು ನೋಡಿದರು, ತಮ್ಮ ಫೋನನ್ನು ನೋಡಿದ. ಈಗ ಫೋನ್ ಇಡುತ್ತಾರೆ, ಈಗ ಇಡುತ್ತಾರೆ ಎಂದು ಇಬ್ಬರೂ ಕಾದರು. ಇಡಲಿಲ್ಲ. ಉಸಿರಾಡುವುದು ಕೇಳಿಸುತ್ತಿತ್ತು.

ಆಮೇಲೆ ಆ ದನಿ ಬಂತು.

"ಎಷ್ಟು ಗಂಟೆಗೆ?"